ಪ್ರಶ್ನೋತ್ತರ: ಕೇಲೆಬ್ ವಿಲಿಯಮ್ಸ್ ಆಡಿದ್ದು ಚೆನ್ನಾಗಿತ್ತೇ?

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕನ್ ಫುಟ್‌ಬಾಲ್‌ಗೆ ಸಂಬಂಧಿಸಿದವು. ಅದರಲ್ಲೂ ಶಿಕಾಗೊ ಬೇರ್ಸ್ ತಂಡದ ಯುವ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಅವರ ಆಟವನ್ನು ಹೇಗೆ ಅಳೆಯಬೇಕು ಎಂಬ ಒಂದೇ ಜಿಜ್ಞಾಸೆ ಹಲವು ಪತ್ರಗಳಲ್ಲಿ ಬೇರೆ ಬೇರೆ ರೂಪದಲ್ಲಿದೆ. ಆದ್ದರಿಂದ ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಕಾದಿರಿಸಿ, ಈ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗ ಶಿಕಾಗೊ ಬಳಿ ಕೆಲಸದಲ್ಲಿದ್ದಾನೆ. ಭಾನುವಾರ ಫೋನ್ ಮಾಡಿದರೆ ಬೇರ್ಸ್ ಸೋತ ಬೇಸರದಲ್ಲಿ ಸರಿಯಾಗಿ ಮಾತನಾಡುವುದಿಲ್ಲ. ಹನ್ನೊಂದು ಜನ ಆಡುವ ಆಟದಲ್ಲಿ ಎಲ್ಲ ಹೊಗಳಿಕೆ, ಬೈಗುಳ ಒಬ್ಬನ ತಲೆಗೇ ಏಕೆ ಬೀಳುತ್ತದೆ? — ಓದುಗರೊಬ್ಬರು, ಮೈಸೂರು

ಉತ್ತರ: ದಾಳಿ ನಡೆಸುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ, ಇವುಗಳಿಗೆ ಡೌನ್ ಎನ್ನುತ್ತಾರೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಅವಕಾಶ, ದಾಟದಿದ್ದರೆ ಚೆಂಡು ಎದುರಾಳಿಗೆ. ಪ್ರತಿಯೊಂದು ಡೌನ್‌ನಲ್ಲೂ ಚೆಂಡು ಬಹುಪಾಲು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಯಾವ ತಂತ್ರವನ್ನು ಆಡಬೇಕೆಂದು ಕೋಚ್ ಅವನ ಹೆಲ್ಮೆಟ್‌ನೊಳಗಿನ ರೇಡಿಯೊ ಮೂಲಕ ಹೇಳುತ್ತಾರೆ. ಆದರೆ ಆಟ ಆರಂಭಿಸಬೇಕಾದ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ರೇಡಿಯೊ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಎದುರಿನ ರಕ್ಷಣೆಯನ್ನು ಓದುವುದು, ಅಗತ್ಯವಿದ್ದರೆ ತಂತ್ರವನ್ನೇ ಬದಲಿಸುವುದು, ಚೆಂಡು ಕೈಗೆ ಬಂದ ಮೇಲೆ ಎರಡೂವರೆ ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವುದು, ಇವೆಲ್ಲವೂ ಅವನೊಬ್ಬನ ಪಾಲಿಗೆ ಬರುತ್ತವೆ. ಆದ್ದರಿಂದ ಕಣ್ಣುಗಳೆಲ್ಲ ಅವನ ಮೇಲೆ ನೆಡುವುದು ಸಹಜ.

ತಮ್ಮ ಮಗನ ಬೇಸರಕ್ಕೆ ಇನ್ನೂ ಒಂದು ಹಿನ್ನೆಲೆ ಇದೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ ಒಂದು ಋತುವಿನಲ್ಲಿ 4,000 ಗಜ ಪಾಸ್ ಮಾಡಿದ (ಎಸೆತಗಳಿಂದ ಗಳಿಸಿದ) ಕ್ವಾರ್ಟರ್‌ಬ್ಯಾಕ್‌ನನ್ನು ಇಂದಿಗೂ ಕಾಣದ ತಂಡ ಬೇರ್ಸ್ ಮಾತ್ರ. 2017ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಕ್ರಮ; ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ) ಅವರು ಎರಡನೆಯ ಆಯ್ಕೆಯಾಗಿ ಮಿಚೆಲ್ ಟ್ರುಬಿಸ್ಕಿಯನ್ನು ತೆಗೆದುಕೊಂಡರು. ಅದೇ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ಕ್ಯಾನ್ಸಸ್ ಸಿಟಿಗೆ ಹೋದವರು ಪ್ಯಾಟ್ರಿಕ್ ಮಹೋಮ್ಸ್. 2021ರಲ್ಲಿ ಹನ್ನೊಂದನೆಯ ಆಯ್ಕೆಯಾಗಿ ಬಂದ ಜಸ್ಟಿನ್ ಫೀಲ್ಡ್ಸ್ ಕೂಡ ನೆಲೆ ನಿಲ್ಲಲಿಲ್ಲ. ಹೀಗಿರುವಾಗ 2024ರ ಏಪ್ರಿಲ್‌ನಲ್ಲಿ ಮೊಟ್ಟಮೊದಲ ಆಯ್ಕೆಯಾಗಿ ವಿಲಿಯಮ್ಸ್ ಬಂದರು. (ಆ ಮೊದಲ ಆಯ್ಕೆಯ ಹಕ್ಕು ಬೇರ್ಸ್‌ಗೆ ಸಿಕ್ಕಿದ್ದು ತಮ್ಮ ಸೋಲಿನಿಂದಲ್ಲ, ಹಿಂದಿನ ವರ್ಷದ ವಿನಿಮಯದಲ್ಲಿ ಕ್ಯಾರೊಲೈನಾ ತಂಡದಿಂದ ಬಂದದ್ದು.) ಅಭಿಮಾನಿಗಳು ಅವರ ಪ್ರತಿ ಎಸೆತವನ್ನೂ ನೋಡಿದ್ದು ಹಿಂದಿನವರಿಬ್ಬರ ನೆನಪನ್ನು ಇಟ್ಟುಕೊಂಡೇ.

ಪ್ರಶ್ನೆ: ವಿಲಿಯಮ್ಸ್ ಅವರ ಮೊದಲ ಪಂದ್ಯದ ಬಗ್ಗೆ ನಮ್ಮ ಗೆಳೆಯರ ಗುಂಪಿನಲ್ಲಿ ಇಂದಿಗೂ ಜಗಳ ಮುಗಿದಿಲ್ಲ. ಒಬ್ಬರು "ಗೆದ್ದ, ಸಾಕು" ಎನ್ನುತ್ತಾರೆ. ಇನ್ನೊಬ್ಬರು "93 ಗಜ ಎಸೆದವನನ್ನು ಹೊಗಳುವುದೇ?" ಎನ್ನುತ್ತಾರೆ. ಯಾರ ಮಾತು ಸರಿ? — ಓದುಗರೊಬ್ಬರು, ನೇಪರ್‌ವಿಲ್

ಉತ್ತರ: ಇಬ್ಬರೂ ತಪ್ಪು ವಸ್ತುವನ್ನು ಅಳೆಯುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಮೊದಲನೆಯವರು ತಂಡವನ್ನು ಅಳೆಯುತ್ತಿದ್ದಾರೆ, ಎರಡನೆಯವರು ದಾಳಿಯ ಒಟ್ಟು ಫಲವನ್ನು ಅಳೆಯುತ್ತಿದ್ದಾರೆ. ಹುಡುಗನನ್ನು ಇಬ್ಬರೂ ಇನ್ನೂ ನೋಡಿಲ್ಲ.

2024ರ ಸೆಪ್ಟೆಂಬರ್ 8ರಂದು ಬೇರ್ಸ್‌ನ ತವರು ಮೈದಾನ ಸೋಲ್ಜರ್ ಫೀಲ್ಡ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಟೆನೆಸಿ ಟೈಟನ್ಸ್ 17–0 ಮುನ್ನಡೆ ಪಡೆದಿತ್ತು. ಕೊನೆಗೆ ಬೇರ್ಸ್ ಗೆದ್ದದ್ದು 24–17ರಿಂದ. ಆದರೆ ಆ 24 ಅಂಕಗಳು ಬಂದ ದಾರಿ ಯಾವುದು? ಟೈಟನ್ಸ್‌ನ ಪಂಟನ್ನು, ಅಂದರೆ ಚೆಂಡನ್ನು ಬಿಟ್ಟುಕೊಡುವಾಗ ದೂರಕ್ಕೆ ಒದೆಯುವ ಒದೆತವನ್ನು, ಬೇರ್ಸ್ ಆಟಗಾರರು ತಡೆದರು. ಆ ಚೆಂಡನ್ನು ಹಿಡಿದು ಜಾನಥನ್ ಓವೆನ್ಸ್ ಎದುರಾಳಿಯ ಕೊನೆಯ ಗೆರೆ ದಾಟಿದರು, ಅದೇ ಟಚ್‌ಡೌನ್. (ಈ ಓವೆನ್ಸ್ ಒಲಿಂಪಿಕ್ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ಪತಿ.) ನಾಲ್ಕನೆಯ ಕ್ವಾರ್ಟರ್‌ನಲ್ಲಿ ಟೈಟನ್ಸ್‌ನ ಕ್ವಾರ್ಟರ್‌ಬ್ಯಾಕ್ ವಿಲ್ ಲೆವಿಸ್ ಒತ್ತಡದಲ್ಲಿ ಎಸೆದ ಚೆಂಡನ್ನು ಟೈರೀಕ್ ಸ್ಟೀವನ್ಸನ್ ಕಸಿದು 43 ಗಜ ಓಡಿ ಇನ್ನೊಂದು ಟಚ್‌ಡೌನ್ ಗಳಿಸಿದರು. ಕೈರೋ ಸ್ಯಾಂಟೋಸ್ ಮೂರು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು ಅಂಕ) ಒದ್ದರು. ವಿಲಿಯಮ್ಸ್ ನಡೆಸಿದ ದಾಳಿಯಿಂದ ಒಂದು ಟಚ್‌ಡೌನ್ ಕೂಡ ಬರಲಿಲ್ಲ. ಪಾಸ್, ಓಟ ಎರಡೂ ಸೇರಿ ತಂಡ ಸಾಗಿದ್ದು 148 ಗಜ. ಹಾಗಿರುವಾಗ ಗೆಲುವನ್ನು ಅವರ ಖಾತೆಗೆ ಬರೆಯುವುದು ರಕ್ಷಣಾ ಪಡೆಗೆ ಮಾಡುವ ಅನ್ಯಾಯ. ಪಂದ್ಯ ಮುಗಿದ ಮೇಲೆ ಎಲ್ಲ ಕಡೆ ಹರಿದಾಡಿದ ಸುದ್ದಿಯೆಂದರೆ, ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಬಂದ ಕ್ವಾರ್ಟರ್‌ಬ್ಯಾಕ್ ಋತುವಿನ ಮೊದಲ ವಾರದ ಚೊಚ್ಚಲ ಪಂದ್ಯವನ್ನು ಗೆದ್ದದ್ದು 2002ರ ಡೇವಿಡ್ ಕಾರ್ ನಂತರ ಇದೇ ಮೊದಲು ಎಂಬುದು. ಸಂಗತಿ ನಿಜ. ಆದರೆ ಅದರಿಂದ ವಿಲಿಯಮ್ಸ್ ಹೇಗೆ ಆಡಿದರು ಎಂಬ ಬಗ್ಗೆ ಏನೂ ತಿಳಿಯುವುದಿಲ್ಲ.

ಇನ್ನು ಎರಡನೆಯ ಗೆಳೆಯರ ಅಂಕಿ. 29 ಎಸೆತಗಳಲ್ಲಿ 14 ಮಾತ್ರ ಗುರಿ ಸೇರಿದವು, 93 ಗಜ, ಟಚ್‌ಡೌನ್ ಇಲ್ಲ, ಇಂಟರ್‌ಸೆಪ್ಷನ್ (ಎದುರಾಳಿ ಕಸಿದ ಎಸೆತ) ಇಲ್ಲ. ಇದು ದುರ್ಬಲ ಆಟವೆಂಬುದರಲ್ಲಿ ಅನುಮಾನವಿಲ್ಲ. ಆದರೆ ದುರ್ಬಲತೆ ಎಂತಹದು ಎಂದು ಕೇಳಬೇಕು. ಆ ದಿನ ಅವರು ಎರಡು ಸಲ ಸ್ಯಾಕ್ ಆದರು, ಅಂದರೆ ಎಸೆಯುವ ಮುನ್ನವೇ ನೆಲಕ್ಕೆ ಬಿದ್ದರು. ಆ ಎರಡರಲ್ಲೇ 29 ಗಜ ಕಳೆದುಹೋಯಿತು. ಸಾಮಾನ್ಯವಾಗಿ ಒಂದು ಸ್ಯಾಕ್‌ನಲ್ಲಿ ಏಳೆಂಟು ಗಜ ಹೋಗುತ್ತದೆ. ಅದರ ದುಪ್ಪಟ್ಟು ಹೋಗಿದೆಯೆಂದರೆ ಹುಡುಗ ಹಿಂದೆ ಹಿಂದೆ ಓಡುತ್ತ ತಪ್ಪಿಸಿಕೊಳ್ಳಲು ನೋಡಿದ್ದಾನೆ ಎಂದರ್ಥ. ಕಾಲೇಜಿನಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪರವಾಗಿ, ಇದೇ ಓಟದಿಂದ ಅದ್ಭುತಗಳನ್ನು ಮಾಡಿ, ಕಾಲೇಜು ಆಟದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2022ರಲ್ಲಿ ಪಡೆದವರು ಅವರು. ವೃತ್ತಿಪರ ಆಟದಲ್ಲಿ ಹಿಂದೆ ಓಡುವವನನ್ನು ಹಿಡಿಯುವಷ್ಟು ವೇಗ ಎದುರಿನ ರಕ್ಷಕರಿಗೂ ಇರುತ್ತದೆ. ಈ ಒಂದು ಅಭ್ಯಾಸವನ್ನು ಗುರುತಿಸಿದ್ದರೆ, ಮುಂದಿನ ನಾಲ್ಕು ತಿಂಗಳಲ್ಲಿ ಆದದ್ದರ ಬಹುಪಾಲನ್ನು ಅಂದೇ ಊಹಿಸಬಹುದಿತ್ತು.

ಮೆಚ್ಚಬೇಕಾದದ್ದೂ ಇತ್ತು. 17 ಅಂಕಗಳ ಹಿನ್ನಡೆಯಲ್ಲಿ 22 ವರ್ಷದ ಆಟಗಾರ ಹತಾಶೆಯಿಂದ ಇಬ್ಬರು ಮೂವರು ರಕ್ಷಕರ ನಡುವೆ ಚೆಂಡು ತೂರುವುದು ತೀರಾ ಸಾಮಾನ್ಯ. ವಿಲಿಯಮ್ಸ್ ಹಾಗೆ ಮಾಡಲಿಲ್ಲ. ರಕ್ಷಣಾ ಪಡೆ ಪಂದ್ಯವನ್ನು ಹಿಂದಕ್ಕೆ ತರುವವರೆಗೆ ಎದುರಾಳಿಗೆ ಚೆಂಡನ್ನು ಒಪ್ಪಿಸಲಿಲ್ಲ. ನೂರಕ್ಕೆ ಅಂಕ ಕೊಡಲೇಬೇಕೆಂದರೆ ನಾನು 40 ಕೊಡುತ್ತೇನೆ. ಗೆಳೆಯರಿಬ್ಬರೂ ಒಪ್ಪಲಾರರು.

ಪ್ರಶ್ನೆ: ಅದೇ ಪಂದ್ಯದಲ್ಲಿ ಅವರ ಪಾಸರ್ ರೇಟಿಂಗ್ 55.7 ಎಂದು ಟಿವಿಯಲ್ಲಿ ತೋರಿಸಿದರು. ಇದು ಶೇಕಡಾವಾರೇ? — ಓದುಗರೊಬ್ಬರು, ಅರೋರಾ

ಉತ್ತರ: ಅಲ್ಲ. ಎನ್‌ಎಫ್‌ಎಲ್ 1973ರಿಂದ ಬಳಸುತ್ತಿರುವ ಈ ಅಳತೆಯ ಗರಿಷ್ಠ ಮಿತಿ 158.3. ನಾಲ್ಕು ಸಂಗತಿಗಳನ್ನು ಅದು ಕೂಡಿಸುತ್ತದೆ: ಎಸೆತಗಳಲ್ಲಿ ಎಷ್ಟು ಪಾಲು ಗುರಿ ಸೇರಿದವು, ಪ್ರತಿ ಎಸೆತಕ್ಕೆ ಎಷ್ಟು ಗಜ ಬಂತು, ಎಷ್ಟು ಪಾಲು ಟಚ್‌ಡೌನ್ ಆಯಿತು, ಎಷ್ಟು ಪಾಲು ಇಂಟರ್‌ಸೆಪ್ಷನ್ ಆಯಿತು. ಒಂದೊಂದಕ್ಕೂ ಗರಿಷ್ಠ ಅಂಕ 2.375. ನಾಲ್ಕನ್ನೂ ಕೂಡಿಸಿ ಆರರಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ.

ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಒಬ್ಬ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಪ್ರತಿ ಚೆಂಡನ್ನೂ ನೆಲಕ್ಕೇ ಎಸೆದನೆಂದುಕೊಳ್ಳಿ, ಯಾರಿಗೂ ಸಿಗಲಿಲ್ಲ, ಎದುರಾಳಿಗೂ ಸಿಗಲಿಲ್ಲ. ಆಗಲೂ ಅವನಿಗೆ ಇಂಟರ್‌ಸೆಪ್ಷನ್ ಇಲ್ಲದ್ದಕ್ಕಾಗಿ 39.6 ಅಂಕ ಸಿಗುತ್ತದೆ. ವಿಲಿಯಮ್ಸ್ ಅವರ 55.7ರಲ್ಲಿ ಈ 39.6 ಸೇರಿಕೊಂಡಿದೆ. ಚೆಂಡನ್ನು ಮುಂದಕ್ಕೆ ಸಾಗಿಸಿದ್ದಕ್ಕೆ ಸಿಕ್ಕಿದ್ದು ಉಳಿದ 16 ಮಾತ್ರ.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಸ್ಯಾಕ್ ಈ ಲೆಕ್ಕದಲ್ಲಿ ಬರುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಓಡಿ ಗಳಿಸಿದ್ದು ಬರುವುದಿಲ್ಲ, ಕೈಜಾರಿ ಚೆಂಡು ಕಳೆದುಕೊಂಡದ್ದೂ ಬರುವುದಿಲ್ಲ. ಸ್ಲಿಪ್‌ನಲ್ಲಿ ಕ್ಯಾಚ್ ಕೈಬಿಟ್ಟಾಗ ಚೆಂಡು ಗಡಿ ದಾಟಿದರೆ ಬೌಲರ್‌ನ ಹೆಸರಿನ ಮುಂದೆ ನಾಲ್ಕು ರನ್ ಬರೆಯುವಂತೆ, ಇಲ್ಲಿಯೂ ಎದೆಗೆ ಬಂದ ಚೆಂಡನ್ನು ರಿಸೀವರ್ (ಎಸೆತ ಹಿಡಿಯುವ ಆಟಗಾರ) ಕೈಬಿಟ್ಟರೆ ಎಸೆದವನ ಲೆಕ್ಕದಲ್ಲಿ ಅದು ವ್ಯರ್ಥ ಎಸೆತ. ಎರಡು ಗಜದ ಎಸೆತವನ್ನು ಹಿಡಿದು ರಿಸೀವರ್ ಎಪ್ಪತ್ತು ಗಜ ಓಡಿದರೆ 72 ಗಜವೂ ಎಸೆದವನದೇ. ಆದ್ದರಿಂದ ರೇಟಿಂಗನ್ನು ನೋಡಿ, ಆದರೆ ಅದನ್ನು ಪಂದ್ಯದ ಪಾಸಿಂಗ್ ದಾಳಿಯ ಅಂಕಿಯೆಂದು ಓದಿ. ಅದು ಒಬ್ಬ ಆಟಗಾರನ ಅಂಕಪಟ್ಟಿಯಲ್ಲ.

ಪ್ರಶ್ನೆ: ಮೂರನೆಯ ವಾರದಲ್ಲಿ ಇಂಡಿಯಾನಾಪೊಲಿಸ್ ವಿರುದ್ಧ 363 ಗಜ ಎಸೆದರು, ಆದರೂ ಸೋತರು. ಆ ಆಟ ಮೊದಲನೆಯದಕ್ಕಿಂತ ಚೆನ್ನಾಗಿತ್ತೇ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಚೆನ್ನಾಗಿತ್ತು, ಆದರೆ ಗಜಗಳ ಸಂಖ್ಯೆ ಹೇಳುವಷ್ಟಲ್ಲ. 52 ಸಲ ಎಸೆದರೆ ಗಜಗಳು ಬಂದೇ ಬರುತ್ತವೆ. ಓಟದ ಆಟ ನಡೆಯದೆ, ಹಿಂದೆ ಬಿದ್ದ ತಂಡ ಎಸೆಯುತ್ತಲೇ ಇರಬೇಕಾಗುತ್ತದೆ. ಆ ದಿನ ಎದುರಾಳಿಯ ಗೆರೆಯ ಸಮೀಪ ನಾಲ್ಕನೆಯ ಡೌನ್‌ನಲ್ಲಿ ಆಡಿದ ಓಟದ ತಂತ್ರವೊಂದು 12 ಗಜ ಹಿಂದಕ್ಕೇ ಹೋಯಿತು. 33 ಎಸೆತ ಗುರಿ ಸೇರಿ, ಎರಡು ಟಚ್‌ಡೌನ್, ಎರಡು ಇಂಟರ್‌ಸೆಪ್ಷನ್, ಫಲಿತಾಂಶ 21–16. ಮೈದಾನದ ನಡುಭಾಗಕ್ಕೆ ಧೈರ್ಯವಾಗಿ ಎಸೆಯಲು ಅವರು ಕಲಿತದ್ದು ಆ ದಿನ ಎಂದು ನನಗನ್ನಿಸುತ್ತದೆ. ಎರಡು ವಾರಗಳ ನಂತರ ಕ್ಯಾರೊಲೈನಾ ವಿರುದ್ಧ 304 ಗಜ, ಅದರ ಮುಂದಿನ ವಾರ ಲಂಡನ್‌ನಲ್ಲಿ ಜ್ಯಾಕ್ಸನ್‌ವಿಲ್ ವಿರುದ್ಧ ನಾಲ್ಕು ಟಚ್‌ಡೌನ್ ಬಂದದ್ದು ಆ ಕಲಿಕೆಯ ಮೇಲೆ.

ಪ್ರಶ್ನೆ: ಮೊದಲ ವರ್ಷ 68 ಸ್ಯಾಕ್! ಇದು ರಕ್ಷಣೆ ಕೊಡಬೇಕಾದ ಮುಂಚೂಣಿಯ ಐವರ, ಅಂದರೆ ಲೈನಿನ ತಪ್ಪೋ, ಚೆಂಡನ್ನು ಕೈಯಲ್ಲೇ ಇಟ್ಟುಕೊಂಡ ಹುಡುಗನ ತಪ್ಪೋ? ಮೈದಾನದಲ್ಲಿ ನಮ್ಮ ಹಿಂದೆ ಕುಳಿತವರು ಲೈನನ್ನು ಬೈದರು, ಮುಂದೆ ಕುಳಿತವರು ವಿಲಿಯಮ್ಸ್‌ನನ್ನು ಬೈದರು. — ಓದುಗರೊಬ್ಬರು, ಶಾಂಬರ್ಗ್

ಉತ್ತರ: ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಒಳ್ಳೆಯದು ಇದು.

ಒಂದು ಋತುವಿನ ಸ್ಯಾಕ್‌ಗಳ ಪಟ್ಟಿಯಲ್ಲಿ 68 ಎಂಬುದು ಮೂರನೆಯ ಸ್ಥಾನ. ಮೇಲಿರುವವರು 1986ರಲ್ಲಿ 72 ಸಲ ಬಿದ್ದ ರ‍್ಯಾಂಡಲ್ ಕನಿಂಗ್‌ಹ್ಯಾಮ್ ಮತ್ತು 2002ರಲ್ಲಿ 76 ಸಲ ಬಿದ್ದ ಡೇವಿಡ್ ಕಾರ್. ಮೇಲೆ ಹೇಳಿದ, ಮೊದಲ ವಾರವನ್ನು ಗೆದ್ದ ಅದೇ ಕಾರ್. ಚೊಚ್ಚಲ ಪಂದ್ಯದ ದಿನ ಅಭಿಮಾನಿಗಳು ಸಂಭ್ರಮದಿಂದ ಮುಂದಿಟ್ಟ ಹೋಲಿಕೆ, ಯಾರೂ ಬಯಸದ ರೀತಿಯಲ್ಲಿ ಪೂರ್ತಿ ನಿಜವಾಯಿತು.

ಸ್ಯಾಕ್‌ಗಳೆಲ್ಲ ಒಂದೇ ಬಗೆಯವಲ್ಲ. ಕ್ವಾರ್ಟರ್‌ಬ್ಯಾಕ್ ಹಿಂದೆ ಸರಿದು ಕಾಲೂರುವ ಮುನ್ನವೇ ಎದುರಾಳಿ ಮೈಮೇಲೆ ಬಿದ್ದರೆ ಅದು ಲೈನಿನ ತಪ್ಪು, ಚರ್ಚೆಯೇ ಬೇಡ. ಎಲ್ಲ ರಿಸೀವರ್‌ಗಳನ್ನೂ ರಕ್ಷಕರು ಕಟ್ಟಿಹಾಕಿದ್ದರಿಂದ ಕಾಯಬೇಕಾಗಿ ಬಂದು ಬಿದ್ದರೆ ತಂತ್ರ ಹೆಣೆದ ಕೋಚ್‌ನನ್ನೂ ಕೇಳಬೇಕು. ಎದುರಿನಿಂದ ಹೆಚ್ಚುವರಿ ಆಟಗಾರ ನುಗ್ಗಿ ಬರುವುದನ್ನು ಆಟ ಶುರುವಾಗುವ ಮೊದಲೇ ಗುರುತಿಸದೆ ಬಿದ್ದರೆ ಕ್ವಾರ್ಟರ್‌ಬ್ಯಾಕ್ ಮತ್ತು ಸೆಂಟರ್ (ಲೈನಿನ ನಡುವೆ ನಿಂತು ಅವನಿಗೆ ಚೆಂಡು ಕೊಡುವವನು) ಇಬ್ಬರೂ ಹೊಣೆ. ಇವಲ್ಲದೆ ಇನ್ನೊಂದು ಬಗೆಯಿದೆ: ಐದು ಗಜದಲ್ಲಿ ಒಬ್ಬ ಬಿಡುವಾಗಿ ನಿಂತಿದ್ದರೂ ಇಪ್ಪತ್ತೈದು ಗಜದಾಚೆ ಇನ್ನೊಬ್ಬ ಬಿಡುವಾಗಬಹುದೆಂದು ಕಾಯುತ್ತ, ಸುತ್ತುತ್ತ, ಹಿಂದೆ ಓಡುತ್ತ ಬೀಳುವುದು. ಆ ಋತುವಿನಲ್ಲಿ ವಿಲಿಯಮ್ಸ್ ಈ ನಾಲ್ಕೂ ಬಗೆಯಲ್ಲಿ ಬಿದ್ದರು. ನವೆಂಬರ್ 10ರಂದು ನ್ಯೂ ಇಂಗ್ಲೆಂಡ್ ವಿರುದ್ಧ ಒಂದೇ ಪಂದ್ಯದಲ್ಲಿ ಒಂಬತ್ತು ಸಲ ಬಿದ್ದು ತಂಡ 19–3ರಿಂದ ಸೋತಾಗ, ಎರಡು ದಿನದೊಳಗೆ ದಾಳಿಯ ಸಂಯೋಜಕ ಶೇನ್ ವಾಲ್ಡ್ರನ್ ಕೆಲಸ ಕಳೆದುಕೊಂಡರು.

ಆದರೆ ಬೈಯುವವರೂ ಹೊಗಳುವವರೂ ಗಮನಿಸದ ಒಂದು ನಂಟು ಇಲ್ಲಿದೆ. ಅದೇ ಋತುವಿನಲ್ಲಿ 562 ಎಸೆತಗಳಿಗೆ ಅವರ ಇಂಟರ್‌ಸೆಪ್ಷನ್ ಕೇವಲ ಆರು. ಸತತ 353 ಎಸೆತಗಳನ್ನು ಎದುರಾಳಿಯ ಕೈಗೆ ಸಿಗದಂತೆ ಎಸೆದು, ಮೊದಲ ವರ್ಷದ ಆಟಗಾರರ ದಾಖಲೆಯನ್ನೇ ಮಾಡಿದರು. ಅಭಿಮಾನಿಗಳು ಈ 353ನ್ನು ಗುಣದ ಪಟ್ಟಿಗೆ, 68ನ್ನು ದೋಷದ ಪಟ್ಟಿಗೆ ಸೇರಿಸಿದರು. ನನ್ನ ದೃಷ್ಟಿಯಲ್ಲಿ ಇವೆರಡೂ ಒಂದೇ ಅಭ್ಯಾಸದ ಎರಡು ಲೆಕ್ಕಗಳು. ಖಚಿತವಾಗದ ಹೊರತು ಎಸೆಯಬಾರದು ಎಂದು ತೀರ್ಮಾನಿಸಿದವನು ಚೆಂಡನ್ನು ಕಳೆದುಕೊಳ್ಳುವುದಿಲ್ಲ, ಆದರೆ ಖಚಿತವಾಗುವಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತಾನೆ. ರಿಸೀವರ್ ತಿರುಗುವ ಮೊದಲೇ ಅವನು ತಿರುಗಲಿರುವ ಜಾಗಕ್ಕೆ ಚೆಂಡನ್ನು ಬಿಡುವುದು ಈ ಹಂತದ ಆಟದ ಜೀವಾಳ. ಹಾಗೆ ಮುಂಚಿತವಾಗಿ ಬಿಡುವವನು ವರ್ಷಕ್ಕೆ ಹತ್ತು ಹನ್ನೆರಡು ಸಲ ಎದುರಾಳಿಗೆ ಕೊಟ್ಟೇ ಕೊಡುತ್ತಾನೆ, ಅದು ಆ ಕಲಿಕೆಗೆ ತೆರುವ ಶುಲ್ಕ. ಆದ್ದರಿಂದ 2024ರ ವಿಲಿಯಮ್ಸ್ ಇನ್ನೂ ಆರು ಇಂಟರ್‌ಸೆಪ್ಷನ್ ಹೆಚ್ಚು ಎಸೆದು ಇಪ್ಪತ್ತು ಸ್ಯಾಕ್ ಕಡಿಮೆ ಮಾಡಿಕೊಂಡಿದ್ದರೆ, ನಾನು ಅದನ್ನು ಉತ್ತಮ ಋತುವೆಂದೇ ಕರೆಯುತ್ತಿದ್ದೆ.

ಲೈನಿನ ಪಾಲು ದೊಡ್ಡದೇ ಇತ್ತು ಎಂಬುದಕ್ಕೆ ತಂಡದ ಆಡಳಿತವೇ ಸಾಕ್ಷಿ. 2025ರ ಋತುವಿಗೆ ಮುನ್ನ ಅವರು ಜೋ ಥೂನಿ, ಜೋನಾ ಜ್ಯಾಕ್ಸನ್ ಇಬ್ಬರನ್ನು ವಿನಿಮಯದಿಂದ ತಂದರು, ಸೆಂಟರ್ ಸ್ಥಾನಕ್ಕೆ ಡ್ರೂ ಡಾಲ್ಮನ್‌ರನ್ನು ಒಪ್ಪಂದ ಮಾಡಿಕೊಂಡರು. ಒಳಗಿನ ಮೂವರೂ ಹೊಸಬರು. ಮುಖ್ಯ ಕೋಚ್ ಆಗಿ ಡೆಟ್ರಾಯಿಟ್‌ನಿಂದ ಬೆನ್ ಜಾನ್ಸನ್ ಬಂದರು. ಆ ವರ್ಷ ಸ್ಯಾಕ್‌ಗಳು 68ರಿಂದ 24ಕ್ಕೆ ಇಳಿದವು. ಹಿಂದೆ ಕುಳಿತವರು ಹೇಳಿದ್ದು ಸರಿಯಿತ್ತು. ಮುಂದೆ ಕುಳಿತವರೂ ಸರಿಯೇ, ಏಕೆಂದರೆ ಮೂವರು ಹೊಸ ಲೈನ್‌ಮನ್‌ಗಳಿಂದ ಮಾತ್ರ ಇಷ್ಟೊಂದು ಇಳಿಕೆ ಸಾಧ್ಯವಿಲ್ಲ; ಕಾಲಿನ ಚಲನೆ, ಚೆಂಡನ್ನು ಹೊರಗೆಸೆದು ಆ ಡೌನನ್ನು ಬಿಟ್ಟುಕೊಡುವ ತಾಳ್ಮೆ, ಎರಡೂ ಬದಲಾಗಿದ್ದವು.

ಪ್ರಶ್ನೆ: 2024ರ ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಗಡಿಯಾರ ಓಡುತ್ತಿದ್ದರೂ ಸುಮ್ಮನೆ ನಿಂತದ್ದು ಯಾರ ತಪ್ಪು? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗೊತ್ತಿಲ್ಲದವರಿಗಾಗಿ ಸಂದರ್ಭ ಇಷ್ಟು: ಅರ್ಧ ಪಂದ್ಯಕ್ಕೆ 16–0 ಹಿಂದಿದ್ದ ಬೇರ್ಸ್, ವಿಲಿಯಮ್ಸ್ ಎಸೆದ ಮೂರು ಟಚ್‌ಡೌನ್‌ಗಳಿಂದ 23–20ಕ್ಕೆ ಬಂದಿತ್ತು. ಸಮ ಮಾಡಲು ಒಂದು ಫೀಲ್ಡ್ ಗೋಲ್ ಸಾಕಿತ್ತು. 32 ಸೆಕೆಂಡು ಇರುವಾಗ ವಿಲಿಯಮ್ಸ್ ಸ್ಯಾಕ್ ಆದರು. ತಂಡದ ಬಳಿ ಒಂದು ಟೈಮ್‌ಔಟ್ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಮುಂದಿನ ಆಟ ಶುರುವಾದಾಗ ಉಳಿದಿದ್ದು ಆರು ಸೆಕೆಂಡು. ಉದ್ದಕ್ಕೆ ಎಸೆದ ಚೆಂಡು ನೆಲಕ್ಕೆ ಬಿತ್ತು, ಪಂದ್ಯ ಮುಗಿಯಿತು.

ಮುಖ್ಯ ಹೊಣೆ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಅವರದು. ಮೊದಲ ವರ್ಷದ ಹುಡುಗ ಗೊಂದಲದಲ್ಲಿರುವುದು ಕಣ್ಣಿಗೆ ಕಾಣುವಾಗ ಆಟವನ್ನು ನಿಲ್ಲಿಸುವ ಅಧಿಕಾರ ಕೋಚ್‌ಗೆ ಇದೆ. ಮರುದಿನವೇ ಅವರನ್ನು ತೆಗೆದರು. ಋತುವಿನ ನಡುವೆ ಮುಖ್ಯ ಕೋಚ್‌ನನ್ನು ತೆಗೆದದ್ದು ಬೇರ್ಸ್ ಇತಿಹಾಸದಲ್ಲಿ ಅದೇ ಮೊದಲು. ಆದರೂ ವಿಲಿಯಮ್ಸ್ ಅವರ ಪಾಲಿಗೆ ಒಂದಿಷ್ಟು ಉಳಿಯುತ್ತದೆ. ಗಡಿಯಾರ ಓಡುವಾಗ ಅವರು ಲೈನಿನ ಬಳಿ ತಂತ್ರವನ್ನು ಬದಲಿಸಲು ಹೊರಟರು, ಉಳಿದವರನ್ನು ಬೇಗ ನಿಲ್ಲಿಸಲಾಗಲಿಲ್ಲ. ಅದಕ್ಕೂ ಮೊದಲಿನ ಆ ಸ್ಯಾಕ್ ಕೂಡ, ಒದೆಯುವವನ ದೂರವನ್ನು ಕಾಪಾಡಬೇಕಾದ ಸಮಯದಲ್ಲಿ, ಆಗಬಾರದಿತ್ತು. ಆ ದಿನದ ಅವರ ಎರಡನೆಯ ಅರ್ಧಕ್ಕೆ ನಾನು ಒಳ್ಳೆಯ ಅಂಕ ಕೊಡುತ್ತೇನೆ, ಕೊನೆಯ ಅರ್ಧ ನಿಮಿಷಕ್ಕೆ ಕೊಡುವುದಿಲ್ಲ. ಒಂದೇ ಪಂದ್ಯಕ್ಕೆ ಒಂದೇ ಅಂಕ ಕೊಡಬೇಕೆಂಬ ನಿಯಮವೇನಿಲ್ಲವಲ್ಲ.

ಪ್ರಶ್ನೆ: ನಾವು ಮಿನಿಸೋಟಾ ವೈಕಿಂಗ್ಸ್ ಕಡೆಯವರು. 2025ರ ಸೆಪ್ಟೆಂಬರ್ 8ರಂದು ನಮ್ಮ ಜೆ. ಜೆ. ಮೆಕಾರ್ಥಿ ತಮ್ಮ ಮೊದಲ ಪಂದ್ಯದಲ್ಲೇ ಅದೇ ಸೋಲ್ಜರ್ ಫೀಲ್ಡ್‌ನಲ್ಲಿ ವಿಲಿಯಮ್ಸ್ ಅವರನ್ನು ಸೋಲಿಸಿದರು. ಅದರ ಬಗ್ಗೆ ಬರೆಯುವುದಿಲ್ಲವೇ? — ಓದುಗರೊಬ್ಬರು, ಮಿನಿಯಾಪೊಲಿಸ್

ಉತ್ತರ: ಬರೆಯಲೇಬೇಕು, ಏಕೆಂದರೆ ಒಂದೇ ಪಂದ್ಯದಿಂದ ತೀರ್ಪು ಕೊಡುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಿಂದಿನ ಇಡೀ ಋತುವನ್ನು ಮೊಣಕಾಲಿನ ಗಾಯದಿಂದ ಕಳೆದುಕೊಂಡಿದ್ದ ಮೆಕಾರ್ಥಿ ಮೂರು ಕ್ವಾರ್ಟರ್ ಮುಗಿಯುವವರೆಗೆ ತಂಡಕ್ಕೆ ತಂದುಕೊಟ್ಟದ್ದು ಆರು ಅಂಕ. ಅವರ ಒಂದು ಎಸೆತವನ್ನು ಕಸಿದ ಬೇರ್ಸ್‌ನ ನ್ಯಾಶಾನ್ ರೈಟ್ 74 ಗಜ ಓಡಿ ಟಚ್‌ಡೌನ್ ಮಾಡಿದ್ದರು. ಭಾರತದಲ್ಲಿ ಮಂಗಳವಾರ ಬೆಳಗಿನ ಕಾಫಿಯ ಹೊತ್ತಿಗೆ ಟಿವಿ ಮುಂದೆ ಕುಳಿತವರು 17–6 ನೋಡಿ ಎದ್ದು ಹೋಗಿರಬಹುದು. ಕೊನೆಯ ಕ್ವಾರ್ಟರ್‌ನಲ್ಲಿ ಮೆಕಾರ್ಥಿ ಎರಡು ಟಚ್‌ಡೌನ್ ಎಸೆದು, ಮೂರನೆಯದನ್ನು ತಾವೇ ಓಡಿ ಗಳಿಸಿ, 27–24ರಿಂದ ಗೆಲ್ಲಿಸಿದರು. ಇತ್ತ ವಿಲಿಯಮ್ಸ್ ತಮ್ಮ ಮೊದಲ ಹತ್ತು ಎಸೆತಗಳನ್ನೂ ಗುರಿ ಸೇರಿಸಿ ಅಮೋಘವಾಗಿ ಆರಂಭಿಸಿದ್ದರು, ಆಮೇಲೆ ಲಯ ತಪ್ಪಿದರು. ಆ ರಾತ್ರಿ ಇಬ್ಬರ ಅಭಿಮಾನಿಗಳೂ ಬರೆದ ಷರಾ ಋತು ಮುಗಿಯುವಷ್ಟರಲ್ಲಿ ತಲೆಕೆಳಗಾಗಿತ್ತು: ಮೆಕಾರ್ಥಿ ಗಾಯ, ತಪ್ಪುಗಳ ನಡುವೆ ತೊಳಲಾಡಿದರು, ವಿಲಿಯಮ್ಸ್ ತಂಡ 11 ಪಂದ್ಯ ಗೆದ್ದು ವಿಭಾಗದ ಅಗ್ರಸ್ಥಾನಕ್ಕೆ ಏರಿತು.

ಪ್ರಶ್ನೆ: ಹಾಗಾದರೆ ಎಷ್ಟು ಪಂದ್ಯ ನೋಡಿ ತೀರ್ಮಾನಿಸಬೇಕು? ನೋಡುವಾಗ ಏನನ್ನು ನೋಡಬೇಕು? — ಓದುಗರಿಬ್ಬರು, ಬೆಂಗಳೂರು ಮತ್ತು ಫ್ರೀಮಾಂಟ್

ಉತ್ತರ: ಸಂಖ್ಯೆ ಹೇಳುವುದು ಕಷ್ಟ. 2015ರ ಮೊದಲ ವಾರದಲ್ಲಿ ಟೆನೆಸಿಯ ಮಾರ್ಕಸ್ ಮರಿಯೋಟಾ ತಮ್ಮ ಚೊಚ್ಚಲ ಪಂದ್ಯದಲ್ಲೇ ನಾಲ್ಕು ಟಚ್‌ಡೌನ್ ಎಸೆದು 158.3ರ ಪೂರ್ಣ ರೇಟಿಂಗ್ ಪಡೆದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಸ್ಥಾನ ರಯಾನ್ ಟ್ಯಾನಹಿಲ್‌ಗೆ ಹೋಯಿತು. 1998ರಲ್ಲಿ ಪೇಟನ್ ಮ್ಯಾನಿಂಗ್ ಮೊದಲ ವರ್ಷದಲ್ಲಿ 28 ಇಂಟರ್‌ಸೆಪ್ಷನ್ ಎಸೆದರು, ತಂಡ 13 ಪಂದ್ಯ ಸೋತಿತು. ಮರುವರ್ಷ ಅದೇ ತಂಡ 13 ಪಂದ್ಯ ಗೆದ್ದಿತು. 1989ರಲ್ಲಿ ಡಲಾಸ್‌ನ ಟ್ರಾಯ್ ಏಕ್‌ಮನ್ ಆರಂಭಿಸಿದ 11 ಪಂದ್ಯಗಳನ್ನೂ ಸೋತವರು, ಮುಂದೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮೂರು ಸಲ ಗೆದ್ದರು. ಹಾಗೆಂದು ಮೊದಲ ವರ್ಷ ಸೋತವರೆಲ್ಲ ಮ್ಯಾನಿಂಗ್ ಆಗುವುದಿಲ್ಲ. ಹೆಚ್ಚಿನವರು ಸೋತೇ ಮರೆಯಾಗುತ್ತಾರೆ.

ನಾನು ನೋಡುವುದು ತಪ್ಪುಗಳ ಸಂಖ್ಯೆಯನ್ನಲ್ಲ, ಅವುಗಳ ಜಾತಿಯನ್ನು. ಅಕ್ಟೋಬರ್‌ನಲ್ಲಿ ಮಾಡಿದ ತಪ್ಪನ್ನೇ ಡಿಸೆಂಬರ್‌ನಲ್ಲೂ ಮಾಡುತ್ತಿದ್ದರೆ ಚಿಂತೆ. ಹೊಸ ತಪ್ಪಾಗಿದ್ದರೆ ಹುಡುಗ ಹೊಸತನ್ನು ಪ್ರಯತ್ನಿಸುತ್ತಿದ್ದಾನೆ. ಇಂಟರ್‌ಸೆಪ್ಷನ್ ಆದ ಮೇಲಿನ ಮುಂದಿನ ಸರದಿಯನ್ನು ತಪ್ಪದೆ ನೋಡಿ. ಹೆದರಿದವನು ಅಲ್ಲಿ ಬರೀ ಪಕ್ಕಕ್ಕೆ ಎಸೆಯುತ್ತಾನೆ. ಮೂರನೆಯ ಡೌನ್‌ಗೆ ಎಂಟು ಹತ್ತು ಗಜ ಬೇಕಾದಾಗ ಏನು ಮಾಡುತ್ತಾನೆಂದು ನೋಡಿ, ಏಕೆಂದರೆ ಅಲ್ಲಿ ಎದುರಾಳಿಗೂ ಎಸೆತ ಬರುತ್ತದೆಂದು ಗೊತ್ತಿರುತ್ತದೆ.

ಟಿವಿಯ ಕ್ಯಾಮೆರಾ ಚೆಂಡಿನ ಜೊತೆ ಹೋಗುವುದರಿಂದ ದೂರದ ರಕ್ಷಕರು ಚೌಕಟ್ಟಿನ ಹೊರಗೇ ಉಳಿಯುತ್ತಾರೆ. 22 ಆಟಗಾರರೂ ಕಾಣುವ ಎತ್ತರದ ಚಿತ್ರಿಕೆ ಪಂದ್ಯದ ನಂತರ ಸಿಗುತ್ತದೆ. ಗಂಭೀರವಾಗಿ ಮೌಲ್ಯಮಾಪನ ಮಾಡುವವರು ಅದನ್ನೇ ನೋಡುತ್ತಾರೆ. ಪಿಎಫ್‌ಎಫ್ ಎಂಬ ಸಂಸ್ಥೆ ಪ್ರತಿಯೊಬ್ಬ ಆಟಗಾರನ ಪ್ರತಿಯೊಂದು ಆಟಕ್ಕೂ ಮೈನಸ್ 2ರಿಂದ ಪ್ಲಸ್ 2ರವರೆಗೆ ಅರ್ಧರ್ಧ ಅಂಕದಂತೆ ಕೊಡುತ್ತದೆ, ಎದುರಾಳಿ ಕೈಬಿಟ್ಟ ಕೆಟ್ಟ ಎಸೆತಕ್ಕೂ ಅಲ್ಲಿ ಮೈನಸ್ ಬೀಳುತ್ತದೆ. ಅವರ ಅಂಕಗಳೆಲ್ಲವನ್ನೂ ನಾನು ಒಪ್ಪುವುದಿಲ್ಲ, ಫಲಿತಾಂಶವನ್ನು ಬದಿಗಿಟ್ಟು ಕ್ರಿಯೆಯನ್ನು ನೋಡುವ ಆ ಕ್ರಮವನ್ನು ಒಪ್ಪುತ್ತೇನೆ. ಮನೆಯಲ್ಲಿ ಕುಳಿತು ನೋಡುವವರು ಇಷ್ಟು ಮಾಡಬಹುದು: ಒಂದು ಸರದಿಯಲ್ಲಿ ಚೆಂಡನ್ನು ಹಿಂಬಾಲಿಸದೆ ಮೊದಲ ಮೂರು ಸೆಕೆಂಡು ಕ್ವಾರ್ಟರ್‌ಬ್ಯಾಕ್‌ನ ಪಾದ ಮತ್ತು ತಲೆಯನ್ನು ಮಾತ್ರ ನೋಡಿ. ತಲೆ ಒಬ್ಬನಿಂದ ಇನ್ನೊಬ್ಬನತ್ತ ತಿರುಗುವಾಗ ಪಾದವೂ ಜೊತೆಗೇ ತಿರುಗುತ್ತಿದ್ದರೆ, ಚೆಂಡು ನೆಲಕ್ಕೆ ಬಿದ್ದರೂ ಆ ಆಟ ಸರಿಯಾಗಿಯೇ ಇತ್ತು.

ಪ್ರಶ್ನೆ: ಗುರಿ ಸೇರಿದ ಎಸೆತಗಳ ಪ್ರಮಾಣ 2024ರಲ್ಲಿ ಶೇ 62.5 ಇದ್ದದ್ದು 2025ರಲ್ಲಿ ಶೇ 58.1ಕ್ಕೆ ಇಳಿಯಿತು. ಆದರೂ ವಿಲಿಯಮ್ಸ್ ಸುಧಾರಿಸಿದರು ಎನ್ನುತ್ತೀರಲ್ಲ? — ಓದುಗರೊಬ್ಬರು, ನೇಪರ್‌ವಿಲ್

ಉತ್ತರ: ಸುಧಾರಿಸಿದರು. ಸ್ಯಾಕ್ ಆಗುವ ಬದಲು ಚೆಂಡನ್ನು ಹೊರಗೆಸೆದರೆ ಗಜ ಉಳಿಯುತ್ತದೆ, ಆದರೆ ಈ ಶೇಕಡಾವಾರಿನಲ್ಲಿ ಅದು ವಿಫಲ ಎಸೆತ. ಹೆಚ್ಚು ದೂರಕ್ಕೆ ಎಸೆದಾಗಲೂ ಪ್ರಮಾಣ ಇಳಿಯುತ್ತದೆ. ಪ್ರತಿ ಎಸೆತಕ್ಕೆ 6.3 ಇದ್ದ ಗಜ 6.9ಕ್ಕೆ ಏರಿತು, ಒಟ್ಟು 3,942 ಗಜ ಎಸೆದು 1995ರಲ್ಲಿ ಎರಿಕ್ ಕ್ರೇಮರ್ ಮಾಡಿದ್ದ 3,838 ಗಜಗಳ ತಂಡದ ದಾಖಲೆಯನ್ನು ಮುರಿದರು. ಹಾಗಿದ್ದರೂ ಶೇ 58.1 ಎಂಬುದು ಕಡಿಮೆಯೇ, ಅದರಲ್ಲಿ ಒಂದು ಭಾಗ ಹತ್ತು ಗಜದೊಳಗಿನ ಸುಲಭದ ಎಸೆತಗಳು ತಲೆಯ ಮೇಲೆ ಹೋದದ್ದರಿಂದ ಬಂದದ್ದು, ಅದಕ್ಕೆ ಲೈನಾಗಲಿ ಕೋಚ್ ಆಗಲಿ ಹೊಣೆಯಲ್ಲ.

2026ರ ಜನವರಿಯ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಪಂದ್ಯಗಳನ್ನೇ ನೋಡಿ. ಗ್ರೀನ್ ಬೇ ವಿರುದ್ಧ ಅರ್ಧ ಪಂದ್ಯಕ್ಕೆ 21–3 ಹಿಂದಿದ್ದು 31–27ರಿಂದ ಗೆದ್ದರು. ಮುಂದಿನ ಸುತ್ತಿನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ, 18 ಸೆಕೆಂಡು ಉಳಿದಿದ್ದಾಗ, ನಾಲ್ಕನೆಯ ಡೌನ್‌ನಲ್ಲಿ, ಬೆನ್ನಟ್ಟಿದವರಿಂದ ಹಿಂದೆ ಹಿಂದೆ ಸರಿಯುತ್ತಲೇ ಸಹ ಆಟಗಾರ ಕೋಲ್ ಕ್ಮೆಟ್‌ಗೆ ಎಸೆದು ಸ್ಕೋರ್ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಅವರು ಎಸೆದ ಚೆಂಡು ರ‍್ಯಾಮ್ಸ್ ಕೈಸೇರಿ ತಂಡ 20–17ರಿಂದ ಸೋತಿತು. ಅಭಿಮಾನಿಗಳು ಮೊದಲ ಎಸೆತವನ್ನು ಮತ್ತೆ ಮತ್ತೆ ನೋಡುತ್ತಾರೆ. ಅಲ್ಲಿ ಎಸೆಯದೆ ಬೇರೆ ದಾರಿಯೇ ಇರಲಿಲ್ಲ, ಬಿಟ್ಟುಕೊಡಲು ಇನ್ನೊಂದು ಡೌನ್ ಇರಲಿಲ್ಲ. ಹಾಗಾಗಿ ಅದರಿಂದ ಕೈಬಲ ತಿಳಿಯುತ್ತದೆಯೇ ಹೊರತು ವಿವೇಚನೆ ತಿಳಿಯುವುದಿಲ್ಲ. ಎರಡನೆಯ ಎಸೆತದಲ್ಲಿ ಆಯ್ಕೆಗಳಿದ್ದವು. 2026ರ ಋತುವಿಗೆ ಅಂಕಪಟ್ಟಿ ಸಿದ್ಧಮಾಡಿಕೊಳ್ಳುವವರು ಎರಡನೆಯದನ್ನು ನೋಡುವುದು ಹೆಚ್ಚು ಉಪಯುಕ್ತ.